ಗಣಕಯಂತ್ರದ ದನಿ: ಮಿತವ್ಯಯದಲ್ಲಿ ಧ್ವನಿಸಾಧನಗಳ ಆಯ್ಕೆ

ವಿದ್ಯಾರ್ಜನೆಯಲ್ಲಿ ಕಣ್ಣಿಗಿರುವಷ್ಟೇ ಸ್ಥಾನ ಕಿವಿಗೂ ಇದೆ. ಭಾಷೆಯ ಉಚ್ಚಾರ, ಸಂಗೀತದ ಸ್ವರ, ಪಾಠದ ವಿವರಣೆ ಇವೆಲ್ಲ ಇಂದು ಗಣಕಯಂತ್ರದ ಮೂಲಕವೂ ಮಕ್ಕಳನ್ನು ಮುಟ್ಟುತ್ತಿವೆ. ಆದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ವ್ಯಯಿಸಿ, ಅದರ ದನಿಯನ್ನು ಕೇಳಿಸುವ ಸಾಧನವನ್ನು ಉಳಿದ ಅಲ್ಪಸ್ವಲ್ಪ ಹಣದಲ್ಲಿ ಕೊಳ್ಳುವುದು ಅನೇಕ ಕಡೆ ರೂಢಿ. ಹಣ ಕಡಿಮೆಯಿದ್ದಷ್ಟೂ ಆಯ್ಕೆಯಲ್ಲಿ ವಿವೇಕ ಹೆಚ್ಚು ಬೇಕು.

ಸ್ಪೀಕರೋ, ಹೆಡ್‌ಫೋನೋ?

ಮೊದಲು ನಿರ್ಧರಿಸಬೇಕಾದುದು ಉಪಯೋಗ. ಒಂದೇ ಯಂತ್ರದ ಮುಂದೆ ಇಡೀ ತರಗತಿ ಕುಳಿತು ಕೇಳುವುದಾದರೆ ಸ್ಪೀಕರ್ ಬೇಕು. ಇಪ್ಪತ್ತು ಮಕ್ಕಳು ಇಪ್ಪತ್ತು ಯಂತ್ರಗಳಲ್ಲಿ ಬೇರೆ ಬೇರೆ ಪಾಠ ಕೇಳುವುದಾದರೆ ಹೆಡ್‌ಫೋನ್ ಅನಿವಾರ್ಯ. ಇಲ್ಲವಾದರೆ ಬರಿಗೋಡೆಗಳ ಕೋಣೆಯಲ್ಲಿ ದನಿಗಳು ಪ್ರತಿಧ್ವನಿಸಿ ಸಂತೆಯ ಗದ್ದಲವಾದೀತು. ಸಮಾನ ಬೆಲೆಗೆ ಹೆಡ್‌ಫೋನೇ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ. ಅದು ಕಿವಿಗೆ ಹತ್ತಿರವಿರುವುದರಿಂದ ಅಲ್ಪ ವಿದ್ಯುತ್ತು ಸಾಕು. ಕೋಣೆಯ ದೋಷವೂ ತಟ್ಟದು.

ವ್ಯಾಟಿನ ಲೆಕ್ಕ

ಸ್ಪೀಕರಿನ ಪೆಟ್ಟಿಗೆಯ ಮೇಲೆ ‘ಪಿ.ಎಂ.ಪಿ.ಒ.’ ಎಂದು ನೂರಾರು ವ್ಯಾಟ್ ನಮೂದಿಸಿರುವುದುಂಟು. ಅದನ್ನು ಅಳೆಯುವುದಕ್ಕೆ ಸರ್ವಸಮ್ಮತ ಕ್ರಮವಿಲ್ಲ. ನೋಡಬೇಕಾದುದು ‘ಆರ್.ಎಂ.ಎಸ್.’ ಎಂಬ ಅಂಕಿ. ಗಣಕಯಂತ್ರದ ಯು.ಎಸ್.ಬಿ. 2.0 ಕಿಂಡಿ ನಿಯಮದಂತೆ ನೀಡುವುದು 5 ವೋಲ್ಟ್, ಹೆಚ್ಚೆಂದರೆ 0.5 ಆಂಪಿಯರ್. ಎರಡನ್ನೂ ಗುಣಿಸಿದರೆ 2.5 ವ್ಯಾಟ್. ಅದೊಂದರಿಂದಲೇ ನಡೆಯುವ ಸ್ಪೀಕರ್ ಸತತವಾಗಿ ಇದಕ್ಕಿಂತ ಹೆಚ್ಚು ಕೊಡಲಾರದು. ವ್ಯಾಟ್ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಆದುದರಿಂದ ಒಬ್ಬರು ಮೇಜಿನ ಬಳಿ ಕುಳಿತು ಕೇಳಲು ಕೆಲವೇ ವ್ಯಾಟ್ ಸಾಕು. ತರಗತಿಗಾದರೆ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುವ ಜೋಡಿ ಲೇಸು. ಅಲ್ಪ ಹಣವನ್ನು ಆರು ಪೆಟ್ಟಿಗೆಗಳಿಗೆ ಹಂಚುವುದಕ್ಕಿಂತ ಎರಡಕ್ಕೇ ವಿನಿಯೋಗಿಸುವುದು ಜಾಣತನ. ಅವೆರಡೂ ಕೇಳುಗನೊಡನೆ ಸಮಬಾಹು ತ್ರಿಕೋನವಾಗುವಂತೆ, ಕಿವಿಯ ಎತ್ತರದಲ್ಲಿ, ಗೋಡೆಯ ಮೂಲೆಯಿಂದ ದೂರವಿರಬೇಕು.

ಮಾತೇ ಒರೆಗಲ್ಲು

ಆರೋಗ್ಯವಂತ ಎಳೆಯ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಸ್ವರಾಕ್ಷರಗಳ ಬಲವೆಲ್ಲ ಬಹುಮಟ್ಟಿಗೆ ಕೆಳಗಿನ ಆವರ್ತಗಳಲ್ಲಿದ್ದರೆ, ಸಕಾರದ ಬಲ 4,000 ಹರ್ಟ್ಸ್‌ಗೂ ಮೇಲಿರುತ್ತದೆ. ಮಂದ್ರನಾದವನ್ನು ಕೃತಕವಾಗಿ ಉಬ್ಬಿಸಿದ ಸಾಧನ ಅಂಗಡಿಯಲ್ಲಿ ಮನಸೆಳೆಯುತ್ತದೆ. ಪಾಠದಲ್ಲಿ ವ್ಯಂಜನಗಳನ್ನು ಮಸುಕುಗೊಳಿಸುತ್ತದೆ. ಕೊಳ್ಳುವ ಮುನ್ನ ಪರಿಚಿತರ ಮಾತಿನ ಮುದ್ರಿಕೆಯೊಂದನ್ನು ಕೇಳಿ ನೋಡಬೇಕು. ‘ಸಂಕರ–ಶಂಕರ’, ‘ಕರ–ಖರ’ ಇವುಗಳ ಭೇದ ನಿಚ್ಚಳವಾಗಿ ತಿಳಿದರೆ ಆ ಸಾಧನ ಶಾಲೆಗೆ ಯೋಗ್ಯ.

ಹೆಡ್‌ಫೋನ್ ಕೊಳ್ಳುವಾಗ

ಶಾಲೆಗೆ ತಂತಿಯುಳ್ಳದ್ದೇ ಉತ್ತಮ. ಬ್ಲೂಟೂತ್ ಹೆಡ್‌ಫೋನಿನ ಬೆಲೆಯಲ್ಲಿ ಒಂದು ಪಾಲು ಬ್ಯಾಟರಿಗೆ ಸಲ್ಲುತ್ತದೆ. ಬ್ಯಾಟರಿ ವರ್ಷಗಳಲ್ಲಿ ಸವೆಯುತ್ತದೆ. ರೋಧ 16ರಿಂದ 32 ಓಮ್ ಇದ್ದರೆ ಗಣಕಯಂತ್ರದ ಕಿಂಡಿಗೆ ನೇರವಾಗಿ ಹೊಂದುತ್ತದೆ. 250 ಓಮಿನಂಥವಕ್ಕೆ ಪ್ರತ್ಯೇಕ ವರ್ಧಕ ಬೇಕಾದೀತು. ಹೊರಗಿನ ಗದ್ದಲವನ್ನು ತಡೆಯಲು ಕಿವಿಯನ್ನು ಪೂರ್ತಿ ಮುಚ್ಚುವಂಥದು ಒಳ್ಳೆಯದು. ಹಲವು ಮಕ್ಕಳು ಬಳಸುವುದರಿಂದ ಮೆತ್ತೆಗಳು ಒರೆಸಲು ಬರುವಂತಿರಬೇಕು. ತಂತಿ, ಮೆತ್ತೆಗಳನ್ನು ಬದಲಿಸಲು ಬರುವಂತಿದ್ದರೆ ಸಾಧನದ ಆಯುಷ್ಯವೂ ಹೆಚ್ಚುತ್ತದೆ.

ಕಿವಿಯ ರಕ್ಷಣೆ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಕಾಲ 75 ಡೆಸಿಬೆಲ್ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಹೀಗೆ ಮಕ್ಕಳಿಗೆ 78 ಡೆಸಿಬೆಲ್ ಆದರೆ 20 ಗಂಟೆ, 81 ಆದರೆ 10 ಗಂಟೆ. ದನಿಯನ್ನು ಗರಿಷ್ಠದ ನೂರಕ್ಕೆ 60ರೊಳಗೆ ಇರಿಸುವುದು ಸುಲಭ ನಿಯಮ. ಪಾಠ ಆರಂಭವಾಗುವ ಮೊದಲೇ ಉಪಾಧ್ಯಾಯರು ಅದನ್ನು ನಿಗದಿಗೊಳಿಸಬೇಕು.

ಸ್ಪೀಕರ್ ಕೆಟ್ಟರೆ ರಿಪೇರಿಯಾದೀತು, ಹಳೆಯ ಯಂತ್ರದ ಜಾಗಕ್ಕೆ ದಾನಿಗಳ ನೆರವಿನಿಂದ ಹೊಸದು ಬಂದೀತು. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ಮನುಷ್ಯನಲ್ಲಿ ಒಮ್ಮೆ ನಶಿಸಿದರೆ ಮತ್ತೆ ಬೆಳೆಯುವುದಿಲ್ಲ. ಶಾಲೆಗಾಗಿ ಧ್ವನಿಸಾಧನ ಕೊಳ್ಳುವವರೂ ಕೊಡಿಸುವವರೂ ಬೆಲೆಪಟ್ಟಿಯ ಜೊತೆಗೆ ಈ ಮಾತನ್ನೂ ಗಣನೆಗೆ ತೆಗೆದುಕೊಳ್ಳುವುದು ಉಚಿತ.