ಹಣೆಯ ಮೇಲಿನ ಗುರುತು

(ಪ್ರಕಟನಾ ಗ್ರಂಥ, ಅಧ್ಯಾಯ 13 ಮತ್ತು 14)



ಪೂಜಾವಿಧಿ ವರ್ಷದ ಕೊನೆಯ ವಾರಗಳಿಗೆ ಬಂದಿದ್ದೇವೆ. ಸಕಲ ಮೃತರ ದಿನ ಕಳೆಯಿತು, ಇನ್ನೇನು ಕ್ರಿಸ್ತರಾಜರ ಮಹೋತ್ಸವ. ಬಲಿಪೂಜೆಯ ವಾಚನಗಳೆಲ್ಲ ಈಗ ಲೋಕಾಂತ್ಯ, ತೀರ್ಪು, ನರಪುತ್ರನ ಆಗಮನ ಇವುಗಳ ಸುತ್ತಲೇ ಇವೆ. ಕೊನೆಯ ವಾರದ ದಿನಪೂಜೆಗಳಲ್ಲಿ ಒಂದು ವರ್ಷ ದಾನಿಯೇಲನ ಗ್ರಂಥ ಬಂದರೆ ಮರುವರ್ಷ ಪ್ರಕಟನಾ ಗ್ರಂಥ. ಈ ವರ್ಷ ಪ್ರಕಟನಾ ಗ್ರಂಥದ ಸರದಿ.

ಆದರೆ ಗಮನಿಸಿ: ಈ ಗ್ರಂಥದ 13ನೇ ಅಧ್ಯಾಯವನ್ನು ಈ ವಾಚನಗಳಲ್ಲಿ ನೀವು ಕೇಳುವುದಿಲ್ಲ. ಎರಡು ಮೃಗಗಳು, ಬಲಗೈ ಅಥವಾ ಹಣೆಯ ಮೇಲಿನ ಗುರುತು, ಅದಿಲ್ಲದವರು ಕೊಳ್ಳಲೂ ಮಾರಲೂ ಆಗದು ಎಂಬ ಮಾತು, 666 ಎಂಬ ಸಂಖ್ಯೆ, ಎಲ್ಲವೂ ಇರುವುದು ಅಲ್ಲೇ. ಹಾಗಾಗಿ ನಮ್ಮವರಲ್ಲಿ ಅನೇಕರು ಈ ಭಾಗವನ್ನು ದೇವಾಲಯದಲ್ಲಿ ಕೇಳಿದ್ದಕ್ಕಿಂತ ಹೊರಗೆ ಕೇಳಿದ್ದೇ ಹೆಚ್ಚು. ಬಸ್ ನಿಲ್ದಾಣದಲ್ಲಿ ಕೈಗಿಟ್ಟ ಕರಪತ್ರದಲ್ಲಿ ಓದಿದ್ದಾರೆ, ಇಲ್ಲವೇ ಫೋನಿಗೆ ಬಂದ ವಿಡಿಯೊದಲ್ಲಿ ನೋಡಿದ್ದಾರೆ.

ಈ ಪಾಠ ಬರೆಯಲು ಒಂದು ಕಾರಣವಿದೆ. ಕಳೆದ ತಿಂಗಳು ನಮ್ಮ ಕಿರು ಕ್ರೈಸ್ತ ಸಮುದಾಯದ ಕೂಟ ಮುಗಿದ ಮೇಲೆ ಒಬ್ಬ ಅವ್ವನವರನ್ನು ಮಾತಿಗೆ ಕೇಳಿದೆ: "ಯಾಕವ್ವ, ಈ ತಿಂಗ್ಳೂ ರೇಷನ್ ಅಂಗಡಿ ಹತ್ರ ಕಾಣಲಿಲ್ಲ?" ಅವರು ದನಿ ತಗ್ಗಿಸಿ ಹೇಳಿದರು: "ಆ ಮಿಷಿನ್ ಮೇಲೆ ಬೆರಳು ಇಟ್ರೆ ನನ್ನ ಹೆಸ್ರು ಮೃಗದ ಲೆಕ್ಕಕ್ಕೆ ಹೋಯ್ತದಂತಲ್ಲಪ್ಪ. ಅಕ್ಕಿ ಇಲ್ದಿದ್ರೂ ಇರ್ಬೋದು. ಆತ್ಮ ಹೋದ್ರೆ?" ತಿರುಪ್ಪೂರಿನಲ್ಲಿ ಕೆಲಸ ಮಾಡುವ ಮೊಮ್ಮಗ ಹಬ್ಬಕ್ಕೆ ಬಂದಾಗ ಅವನ ಫೋನಿನಲ್ಲಿ ಒಂದು ತಮಿಳು ವಿಡಿಯೊ ನೋಡಿದ್ದರಂತೆ. ಅಂದಿನಿಂದ ಮೂರು ತಿಂಗಳು ಅಕ್ಕಿ ತಂದಿರಲಿಲ್ಲ.

ನನಗೆ ಮೊದಲು ನಗು ಬಂತು. ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಓದಿದ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಏಕೆಂದು ಮುಂದೆ ಹೇಳುತ್ತೇನೆ.

ಈ ಗ್ರಂಥವನ್ನು ಬರೆದ ಯೊವಾನ್ನ, ವಿಶ್ವಾಸದ ನಿಮಿತ್ತ ಪತ್ಮೋಸ್ ದ್ವೀಪದಲ್ಲಿದ್ದವನು. ಬರೆದದ್ದು ಇಂದಿನ ಟರ್ಕಿ ದೇಶದ ಪಶ್ಚಿಮ ಭಾಗದ ಏಳು ಊರುಗಳ ಸಭೆಗಳಿಗೆ. ಕಾಲ ಬಹುಶಃ ರೋಮಿನ ಚಕ್ರವರ್ತಿ ದೊಮಿತಿಯನ ಆಳ್ವಿಕೆಯ (ಕ್ರಿ.ಶ. 81-96) ಕೊನೆಯ ವರ್ಷಗಳು. ಆ ಊರುಗಳಲ್ಲಿ ಚಕ್ರವರ್ತಿಗೆ ಗುಡಿಗಳಿದ್ದವು, ಪೆರ್ಗಮದಲ್ಲಂತೂ ಕ್ರಿ.ಪೂ. 29ರಿಂದಲೇ ಅಗಸ್ತನಿಗೂ ರೋಮ್ ದೇವತೆಗೂ ದೇವಾಲಯವಿತ್ತು. ಬಡಗಿ, ನೇಕಾರ, ಬಣ್ಣಗಾರ, ಕಂಚುಗಾರ ಎಲ್ಲರಿಗೂ ಸಂಘಗಳು. ಸಂಘದ ಊಟವೆಂದರೆ ವಿಗ್ರಹಕ್ಕೆ ಅರ್ಪಿಸಿದ ಮಾಂಸ, ಚಕ್ರವರ್ತಿಯ ಹೆಸರಿನಲ್ಲಿ ದ್ರಾಕ್ಷಾರಸದ ನೈವೇದ್ಯ. ಅದಕ್ಕೆ ಕೂರದವನಿಗೆ ಕೆಲಸ ಸಿಗುವುದು ಕಷ್ಟ. ಪೇಟೆಗೆ ಹೋದರೆ ಕೈಗೆ ಬರುವ ನಾಣ್ಯದ ಮೇಲೂ ಚಕ್ರವರ್ತಿಯ ಮುಖ, ಅವನನ್ನು ದೇವರೆನ್ನುವ ಬರಹ. ಇದು ಕಲ್ಪನೆಯಲ್ಲ. ಸುಮಾರು ಕ್ರಿ.ಶ. 112ರಲ್ಲಿ ಅದೇ ಸೀಮೆಯ ಉತ್ತರಕ್ಕಿದ್ದ ಬಿಥೂನ್ಯ ಪ್ರಾಂತ್ಯದ ಅಧಿಪತಿ ಪ್ಲಿನಿ, ಕ್ರೈಸ್ತರೆಂದು ಹಿಡಿದು ತಂದವರಿಂದ ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಿಸಿ, ಕ್ರಿಸ್ತರನ್ನು ಶಪಿಸುವಂತೆ ಹೇಳಿ ಪರೀಕ್ಷಿಸಿದೆನೆಂದು ಚಕ್ರವರ್ತಿ ತ್ರಾಯಾನನಿಗೆ ಪತ್ರ ಬರೆದಿದ್ದಾನೆ. ಒಪ್ಪದವರಿಗೆ ಮರಣದಂಡನೆ.

ಈಗ 'ಗುರುತು' ಎಂಬ ಮಾತಿಗೆ ಬರೋಣ. ಮೂಲದ ಗ್ರೀಕ್ ಪದವನ್ನು ಕ್ರಯಪತ್ರಗಳ ಮೇಲೆ ಒತ್ತುತ್ತಿದ್ದ ಚಕ್ರವರ್ತಿಯ ಮುದ್ರೆಗೂ ನಾಣ್ಯದ ಅಚ್ಚಿಗೂ ಬಳಸುತ್ತಿದ್ದರು. ಕೊಳ್ಳುವುದು, ಮಾರುವುದು ಎಂದೊಡನೆ ಆ ಸಭೆಗಳವರಿಗೆ ತಮ್ಮ ಊರಿನ ಸಂತೆಯೇ ಕಣ್ಣಮುಂದೆ ಬಂದಿರಬೇಕು.

ಇನ್ನು ಸಂಖ್ಯೆ. ಹಿಬ್ರೂ ಮತ್ತು ಗ್ರೀಕರಲ್ಲಿ ಅಂಕಿಗಳಿಗೆ ಬೇರೆ ಚಿಹ್ನೆಗಳಿರಲಿಲ್ಲ, ಅಕ್ಷರಗಳೇ ಅಂಕಿಗಳು. ಸಂಗೀತ ಕಲಿತವರಿಗೆ ನಮ್ಮ ಕಟಪಯಾದಿ ಗೊತ್ತಿರುತ್ತದೆ: ಮಾಯಾಮಾಳವಗೌಳ ಎಂಬ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಅದು 15ನೇ ಮೇಳವೆಂಬ ಲೆಕ್ಕ ಅಡಗಿದೆ. ಅಂಥದ್ದೇ ಆಟ ಅಲ್ಲೂ ಇತ್ತು. ಜ್ವಾಲಾಮುಖಿಯಲ್ಲಿ ಹೂತುಹೋದ ಪೊಂಪೆ ನಗರದ ಗೋಡೆಯೊಂದರ ಮೇಲೆ ಯಾರೋ ತಾನು ಪ್ರೀತಿಸುವ ಹುಡುಗಿಯ ಸಂಖ್ಯೆ 545 ಎಂದು ಗೀಚಿದ್ದಾನೆ. ಹೆಸರು ಬಲ್ಲವರಿಗೆ ಅರ್ಥವಾಯಿತು, ಹುಡುಗಿಯ ಅಪ್ಪನಿಗೆ ಆಗಲಿಲ್ಲ! ಯೊವಾನ್ನನೂ ಅದು ಒಬ್ಬ ಮನುಷ್ಯನ ಸಂಖ್ಯೆ, ಬುದ್ಧಿಯುಳ್ಳವನು ಎಣಿಸಲಿ ಎನ್ನುತ್ತಾನೆ (13:18).

ಎಣಿಸಿದರೆ? 'ನೇರೋನ್ ಕೈಸರ್' ಎಂಬುದನ್ನು ಹಿಬ್ರೂ ಅಕ್ಷರಗಳಲ್ಲಿ ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿ ನೋಡಿ, 666. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 666ರ ಬದಲು 616 ಎಂದಿದೆ. ಲತೀನಿನವರಂತೆ 'ನೇರೋ' ಎಂದು ಬರೆದು ಕೊನೆಯ ನೂನ್ ಬಿಟ್ಟರೆ 50 ಕಳೆಯುತ್ತದೆ, ಉಳಿಯುವುದು 616! ಎರಡೂ ಒಬ್ಬನನ್ನೇ ತೋರಿಸುತ್ತವೆ. ಕ್ರಿ.ಶ. 64ರಲ್ಲಿ ರೋಮ್ ಸುಟ್ಟಾಗ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದ ನೇರೋ. 68ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ ಮೇಲೂ, ಸತ್ತಿಲ್ಲ, ಮರಳಿ ಬರುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಮೃಗದ ಮಾರಣಾಂತಿಕ ಗಾಯ ವಾಸಿಯಾಯಿತು ಎಂಬ ಮಾತನ್ನು (13:3) ಇದರೊಡನೆ ಇಟ್ಟು ಓದಿ.

ಇದನ್ನು ಎಲ್ಲ ಪಂಡಿತರೂ ಒಪ್ಪುತ್ತಾರೆಂದಲ್ಲ, ಆದರೆ ಬಹುಪಾಲು ಜನರ ಅಭಿಪ್ರಾಯ ಇದೇ. ಗ್ರೀಕ್ ಬಲ್ಲವರಿಗೆ ಬರೆಯುವಾಗ ಹಿಬ್ರೂ ಲೆಕ್ಕವೇಕೆ ಎಂದು ಕೇಳಬಹುದು. ಯೊವಾನ್ನ ಬೇರೆ ಕಡೆಯೂ ಹಿಬ್ರೂ ಹೆಸರುಗಳನ್ನು ಕೊಡುತ್ತಾನೆ (9:11, 16:16). ಲಿಯೋನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಇರೆನೇಯುಸ್ ಸುಮಾರು ಕ್ರಿ.ಶ. 180ರಲ್ಲಿಯೇ ಈ ಪ್ರಶ್ನೆ ಎತ್ತಿದ್ದರು. ಅವರು ನೇರೋನ ಹೆಸರು ಹೇಳುವುದಿಲ್ಲ. ಎರಡು ಮೂರು ಹೆಸರು ಎಣಿಸಿ ತೋರಿಸಿ, ಇದೇ ಎಂದು ಖಚಿತವಾಗಿ ಹೇಳುವುದು ಅಪಾಯ, ಆ ಹೆಸರು ನಮಗೆ ಬೇಕೇಬೇಕಿದ್ದರೆ ದರ್ಶನ ಕಂಡವನೇ ಹೇಳುತ್ತಿದ್ದ ಎಂಬರ್ಥದ ಎಚ್ಚರಿಕೆ ಕೊಡುತ್ತಾರೆ.

ಆ ಎಚ್ಚರಿಕೆಯನ್ನು ನಾವು ಕೇಳಲಿಲ್ಲ. 16ನೇ ಶತಮಾನದಲ್ಲಿ ಲೂಥರನ ಗೆಳೆಯ, ಗಣಿತಜ್ಞ ಸ್ಟೀಫೆಲ್ ಎಂಬವನು ಜಗದ್ಗುರು ಹತ್ತನೇ ಲಿಯೋ ಅವರ ಹೆಸರಿನಿಂದ 666 ಹೊರಡಿಸಿದ. ಅಷ್ಟಕ್ಕೇ ನಿಲ್ಲದೆ 1533ರ ಅಕ್ಟೋಬರ್ 19ರಂದು ಲೋಕ ಮುಗಿಯುತ್ತದೆ ಎಂದೂ ಸಾರಿದ. ಮುಗಿಯಲಿಲ್ಲ. ಆಮೇಲೆ ನಮ್ಮ ಕಡೆಯವನೇ, ಇಟಲಿಯ ಬೆರ್ಗಮೋದ ಪಿಯೆತ್ರೋ ಬೊಂಗೊ, ಲೂಥರನ ಹೆಸರಿನಿಂದಲೂ 666 ತೆಗೆದು ತೋರಿಸಿದ. ಬೇಕಾದವರ ಹೆಸರಿನಿಂದ ಬೇಕಾದ ಸಂಖ್ಯೆ ಹಿಂಡಬಹುದು ಎಂಬುದಕ್ಕೆ ಇವರಿಬ್ಬರೇ ಸಾಕ್ಷಿ. ಇಂದಿಗೂ ಜಗದ್ಗುರುಗಳೇ ಮೃಗವೆಂದು ಬರೆದ ಕರಪತ್ರಗಳು ನಮ್ಮ ಊರಿಗೆ ಬರುತ್ತವೆ. ಕೋಪ ಬೇಡ, ಅದು ಹಳೆಯ ಸರಕು.

ಹಾಗಾದರೆ ಇದೆಲ್ಲ ಮುಗಿದುಹೋದ ಕಥೆಯೇ? ಅಲ್ಲ. ಕ್ರಿಸ್ತರ ಪುನರಾಗಮನಕ್ಕೆ ಮುಂಚೆ ಧರ್ಮಸಭೆ ಕೊನೆಯ ಶೋಧನೆಯೊಂದನ್ನು ಹಾದುಹೋಗಬೇಕು ಎಂದೇ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ (ಸಂಖ್ಯೆ 675). ದೇವರ ಸ್ಥಾನದಲ್ಲಿ ತನ್ನನ್ನು ಕೂರಿಸಿಕೊಳ್ಳುವ ಅಧಿಕಾರ ಎಲ್ಲಿ ಏಳುತ್ತದೋ ಅಲ್ಲಿ ಮೃಗವಿದೆ. ಆದರೆ 14:9ನ್ನು ನಿಧಾನವಾಗಿ ಓದಿ. ಮೃಗವನ್ನು ಆರಾಧಿಸಿ ಗುರುತು ಪಡೆಯುವವನು ಎಂದು ಎರಡನ್ನೂ ಒಟ್ಟಿಗೆ ಹೇಳಿದೆ. ಆರಾಧನೆ ಇಲ್ಲದೆ ಗುರುತಿಲ್ಲ. ತಿಳಿಯದೆ, ಬೆರಳು ತಗುಲಿ, ಸೂಜಿ ಚುಚ್ಚಿ, ಕಾರ್ಡಿನ ಸಂಖ್ಯೆಯಿಂದ ಯಾರೂ ಮೃಗದವರಾಗುವುದಿಲ್ಲ. ಹಾಗೆ ಮೋಸದಿಂದ ಒಂದು ಆತ್ಮವನ್ನು ಕಿತ್ತುಕೊಳ್ಳಲು ನಮ್ಮ ಪ್ರಭು ಬಿಡುವವರಲ್ಲ.

ಇನ್ನೂ ಒಂದು ವಿಷಯವಿದೆ, ನನಗೆ ಈ ಪಾಠದಲ್ಲಿ ಅತಿ ಪ್ರಿಯವಾದದ್ದು. ವಿಡಿಯೊ ಮಾಡುವವರು 13ನೇ ಅಧ್ಯಾಯದ ಕೊನೆಯ ವಚನಕ್ಕೆ ನಿಲ್ಲಿಸಿಬಿಡುತ್ತಾರೆ. ಮರು ವಚನವೇ 14:1. ಅಲ್ಲಿ ಸಿಯೋನ್ ಬೆಟ್ಟದ ಮೇಲೆ ಯಜ್ಞದ ಕುರಿಮರಿ ನಿಂತಿದೆ. ಅದರೊಡನೆ ನಿಂತವರ ಹಣೆಯ ಮೇಲೆ ಅದರ ಹೆಸರೂ ತಂದೆಯ ಹೆಸರೂ ಬರೆದಿವೆ. ಮೃಗದ ಗುರುತು ಈ ಮುದ್ರೆಯ ನಕಲು ಅಷ್ಟೇ. ಯೆಜೆಕಿಯೇಲನ ದರ್ಶನದಲ್ಲಿ (9:4) ನಾಡಿನ ಅನ್ಯಾಯ ನೋಡಿ ಮರುಗುವವರ ಹಣೆಗೆ ಗುರುತಿಡುವಂತೆ ದೇವರು ಆಜ್ಞಾಪಿಸುತ್ತಾರೆ. ಆ ಗುರುತು 'ತಾವ್' ಎಂಬ ಅಕ್ಷರ, ಹಳೆಯ ಹಿಬ್ರೂ ಲಿಪಿಯಲ್ಲಿ ಅದರ ಆಕಾರ ಶಿಲುಬೆಯಂತಿತ್ತು. ನಮ್ಮ ಹಣೆ ಖಾಲಿಯಾಗಿಲ್ಲ, ಪ್ರಿಯರೇ. ಜ್ಞಾನಸ್ನಾನದ ದಿನ ಗುರುಗಳೂ ಹೆತ್ತವರೂ ಅಲ್ಲಿ ಶಿಲುಬೆ ಬರೆದರು. ದೃಢೀಕರಣದಲ್ಲಿ ಧರ್ಮಾಧ್ಯಕ್ಷರು ಅದೇ ಜಾಗಕ್ಕೆ ಪವಿತ್ರ ತೈಲ ಹಚ್ಚಿ ಪವಿತ್ರಾತ್ಮರ ಮುದ್ರೆ ಒತ್ತಿದರು. ಸಾಮಾನ್ಯ ಕಾಲದ 34ನೇ ವಾರದ ಸೋಮವಾರ ಈ 14ನೇ ಅಧ್ಯಾಯದ ವಾಚನವಿದೆ, ಆಗುವವರು ತಪ್ಪದೆ ಬನ್ನಿ.

ನಕ್ಕಿದ್ದಕ್ಕೆ ನಾಚಿಕೆಯಾಯಿತು ಎಂದೆನಲ್ಲ. ಈ ಗ್ರಂಥ ಕೇಳುವುದು ಇದನ್ನೇ: ಪ್ರಭುವನ್ನು ಬಿಡುವುದಕ್ಕಿಂತ ಹಸಿದಿರುವುದು ಮೇಲು ಎನ್ನುವ ಮನಸ್ಸು. ಆ ಅವ್ವನಲ್ಲಿ ಅದು ಇತ್ತು. ರೇಷನ್ ಯಂತ್ರದ ಬಗ್ಗೆ ಅವರು ತಪ್ಪು ತಿಳಿದಿದ್ದರು, ತಮ್ಮ ದೇವರ ಬಗ್ಗೆ ಅಲ್ಲ. ಅಂಥ ಪರೀಕ್ಷೆ ನನಗೆ ಬಂದರೆ ಒಂದು ತಿಂಗಳಾದರೂ ತಡೆದೇನೇ ಎಂದು ನನ್ನನ್ನೇ ಕೇಳಿಕೊಂಡೆ.

ಮತ್ತೊಂದು ಮಾತೂ ಚುಚ್ಚಿತು. ಅಂತಿಮ ತೀರ್ಪನ್ನು ಪ್ರಭು ಸ್ವತಃ ವಿವರಿಸಿರುವುದು ಮತ್ತಾಯನ 25ನೇ ಅಧ್ಯಾಯದಲ್ಲಿ (31-46). ಅಲ್ಲಿ ಸಂಖ್ಯೆ ಇಲ್ಲ, ದಿನಾಂಕ ಇಲ್ಲ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರು, ಇವರ ಬಗ್ಗೆ ಮಾತ್ರ ವಿಚಾರಣೆ. ಎಡಗಡೆಯವರ ಉತ್ತರ, ನಿಮ್ಮನ್ನು ಹಾಗೆ ಯಾವಾಗ ನೋಡಿದೆವು ಎಂಬುದು. ಮೂರು ತಿಂಗಳು ಒಬ್ಬ ಮುದುಕಿ ಅಕ್ಕಿ ಇಲ್ಲದೆ, ಹಿತ್ತಲ ರಾಗಿ ಸೊಪ್ಪಿನಲ್ಲಿ ದಿನ ದೂಡಿದ್ದಾರೆ. ಪ್ರತಿ ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಕೂತಿದ್ದಾರೆ. ಉಪದೇಶಿಯಾದ ನಾನೂ ನೋಡಿರಲಿಲ್ಲ.

ಈ ತಿಂಗಳು ಅವ್ವನ ಜೊತೆ ಅಂಗಡಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತಾಗ ಹಣೆಗೆ ಶಿಲುಬೆ ಹಾಕಿಕೊಂಡರು, ಆಮೇಲೆ ಬೆರಳಿಟ್ಟರು. ಯಂತ್ರ ಎರಡು ಸಲ ಓದಲಿಲ್ಲ, ಮೂರನೇ ಸಲ ಓದಿತು. ಹಿಂದಿನ ಮೂರು ತಿಂಗಳ ಅಕ್ಕಿ ಅಂಗಡಿಯವರು ಕೊಡುವಂತಿಲ್ಲ. ಅದನ್ನು ನಮ್ಮ ಕಿರು ಸಮುದಾಯದ ಮನೆಗಳವರು ಸೇರಿಸಿ ಕೊಟ್ಟಿದ್ದಾರೆ.

ಮುಂದಿನ ಭಾನುವಾರ ಕನ್ನಡ ಪೂಜೆಯ ನಂತರ ಇದೇ ಗ್ರಂಥದ 18ನೇ ಅಧ್ಯಾಯ ಓದೋಣ. ಬಾಬಿಲೋನಿನ ವರ್ತಕರು ತಮ್ಮ ಸರಕು ಕೊಳ್ಳುವವರಿಲ್ಲವೆಂದು ಅಳುವ ಭಾಗ. ಚಿನ್ನದಿಂದ ಶುರುವಾಗುವ ಆ ಸರಕಿನ ಪಟ್ಟಿಯ ಕೊನೆಯಲ್ಲಿ ಏನಿದೆ ಎಂದು (18:13) ಮನೆಯಲ್ಲೇ ನೋಡಿಕೊಂಡು ಬನ್ನಿ. ಬೈಬಲ್ ತನ್ನಿ. ಫೋನಿಗೆ ಬಂದ ವಿಡಿಯೊಗಳಿದ್ದರೆ ಅಳಿಸಬೇಡಿ, ಅವನ್ನೂ ತನ್ನಿ, ಒಟ್ಟಿಗೆ ನೋಡೋಣ.