ಹೊಲಿಗೆ ನೋಡಿದವರಿರಲಿಲ್ಲ

ಸಿಸೇರಿಯನ್ ಆದ ಹೆಂಗಸಿಗೆ ತನ್ನ ಗಾಯ ತನಗೇ ಕಾಣುವುದಿಲ್ಲ. ಕೊಯ್ದಿರುವುದು ಕಿಬ್ಬೊಟ್ಟೆಯ ಕೆಳಗೆ. ಹೆತ್ತ ಹೊಟ್ಟೆ ಇನ್ನೂ ಇಳಿದಿರುವುದಿಲ್ಲ, ಅದರ ಮಡಿಕೆ ಹೊಲಿಗೆಯ ಮೇಲೆ ಜೋತುಬಿದ್ದಿರುತ್ತದೆ. ಬಗ್ಗಿ ನೋಡೋಣವೆಂದರೆ ಸೊಂಟ ಕೇಳುವುದಿಲ್ಲ. ಇಷ್ಟು ಸಣ್ಣ ಸಂಗತಿ ನನ್ನ ಪ್ರಾಣಕ್ಕೇ ಬರಬಹುದೆಂದು ನಾನು ಎಣಿಸಿರಲಿಲ್ಲ.

ಅದು ನನ್ನ ಮೊದಲ ಹೆರಿಗೆ. ನೀರು ಒಡೆದು 18 ಗಂಟೆ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯತೊಡಗಿತು. ನಡುರಾತ್ರಿ ತುರ್ತಾಗಿ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ಐದನೇ ದಿನ ಡಿಸ್ಚಾರ್ಜ್ ಆಗಿ ತಿಪಟೂರು ಕಡೆಯ ತವರಿಗೆ ಬಂದೆ.

ಅಮ್ಮ, ದೊಡ್ಡಮ್ಮ ಇಬ್ಬರೂ ಸೇರಿ ಮಾಡಿದ ಬಾಣಂತನದಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಹರಳೆಣ್ಣೆ, ಹಂಡೆಯ ಬಿಸಿನೀರು, ಆಮೇಲೆ ಸಾಂಬ್ರಾಣಿ ಹೊಗೆ. ಹೊಟ್ಟೆ ಇಳಿಯಲೆಂದು ಸೊಂಟಕ್ಕೆ ಹಳೇ ಸೀರೆಯ ಬಿಗಿ ಸುತ್ತು. ‘ನಂಜಿನ ಪದಾರ್ಥ’ ಎಂದು ಬದನೆಕಾಯಿ, ಕುಂಬಳಕಾಯಿ, ಸೊಪ್ಪು, ಮೊಸರು ಎಲ್ಲ ಬಂದ್. ಕುಡಿಯುವ ನೀರೂ ಲೆಕ್ಕದಲ್ಲಿ. ತಿನ್ನುವುದರಿಂದ ನಂಜು ಆಗದಂತೆ ಮನೆಯವರೆಲ್ಲ ಕಾದರು. ಒದ್ದೆ ಆರದ ಮೈಗೆ ಬಿಗಿದ ಬಟ್ಟೆಯ ಒಳಗೆ, ಬೆವರು ಎಣ್ಣೆ ಸೇರಿದ ಮಡಿಕೆಯಲ್ಲಿ ಏನಾಗುತ್ತಿದೆ ಎಂದು ಬಿಚ್ಚಿ ನೋಡಿದವರಿರಲಿಲ್ಲ.

ಏಳನೇ ದಿನ ಆಶಾ ಕಾರ್ಯಕರ್ತೆ ಬಂದರು. ಮಗುವಿನ ತೂಕ ನೋಡಿ, ನನ್ನ ಕಡೆ ತಿರುಗಿ, “ಹೊಲಿಗೆ ಹೆಂಗಿದೆ ಅಕ್ಕಾ?” ಎಂದರು. ಕೋಣೆಯಲ್ಲಿ ಚಿಕ್ಕಪ್ಪ ಇದ್ದರು, ಮಗು ನೋಡಲು ಬಂದ ನೆಂಟರಿದ್ದರು. ಹಿಂದಿನ ರಾತ್ರಿಯಿಂದ ಅಲ್ಲಿ ಚುಚ್ಚಿದಂತೆ ನೋವು ಏರುತ್ತಿತ್ತು. ಆದರೂ “ಚೆನ್ನಾಗಿದೆ” ಎಂದುಬಿಟ್ಟೆ. ಆ ಒಂದು ಮಾತಿಗೆ ಆಮೇಲೆ ತೆತ್ತ ಬೆಲೆ ನನಗೆ ಗೊತ್ತು.

ಎಂಟನೇ ದಿನ ಜ್ವರ ಬಂತು. “ಹಾಲು ಕಟ್ಟಿದೆ, ಅದಕ್ಕೇ” ಎಂದರು ದೊಡ್ಡಮ್ಮ. ಮೆಡಿಕಲ್ ಸ್ಟೋರ್‌ನಿಂದ ಪ್ಯಾರಾಸಿಟಮಾಲ್ ಬಂತು. ನುಂಗಿದಾಗ ಜ್ವರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಇಳಿದಾಗಲೆಲ್ಲ ವಾಸಿಯಾಯಿತೆಂದು ನಂಬಿದೆವು. ಹತ್ತನೇ ದಿನ ನನ್ನ ಲಂಗ ಒಗೆಯಲು ತೆಗೆದುಕೊಂಡ ಅಮ್ಮ ಬಾಗಿಲಲ್ಲೇ ನಿಂತರು. ಹಳದಿ ಕಲೆ, ಕೊಳೆತ ವಾಸನೆ. ಅಷ್ಟರಲ್ಲಿ ನಾನು ನಡುಗುತ್ತಾ ಏನೇನೋ ಮಾತಾಡುತ್ತಿದ್ದೆನಂತೆ. ದೊಡ್ಡಮ್ಮ “ಬಾಣಂತಿ ಸನ್ನಿ, ಗಾಳಿ ಸೋಕಿದೆ” ಎಂದು ಕಿಟಕಿ ಮುಚ್ಚಲು ಹೋದರು. ಅಮ್ಮ ಆಶಾಗೆ ಫೋನ್ ಮಾಡಿದರು. ಅವರು 108ಕ್ಕೆ ಫೋನ್ ಮಾಡಿಸಿದರು.

ಆಸ್ಪತ್ರೆಯಲ್ಲಿ 103 ಡಿಗ್ರಿ ಜ್ವರ. ವೈದ್ಯೆ ಹೊಲಿಗೆ ಬಿಚ್ಚಿದಾಗ ಕೀವು ಹರಿಯಿತು. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹಾಕಿದರು. ಸತ್ತ ಮಾಂಸ ತೆಗೆದು ಗಾಯವನ್ನು ತೆರೆದೇ ಇಟ್ಟರು. ಒಳಗೆ ಕೀವು ಉಳಿದಿರುವಾಗ ಮೇಲೆ ಹೊಲಿದರೆ ನಂಜು ಒಳಗೇ ಬೆಳೆಯುತ್ತದಂತೆ. ದಿನವೂ ಸಲೈನ್‌ನಲ್ಲಿ ತೊಳೆದು ಡ್ರೆಸ್ಸಿಂಗ್. ಹೆರಿಗೆ ನೋವಿಗಿಂತ ಅದಕ್ಕೇ ನಾನು ಹೆಚ್ಚು ಹೆದರಿದ್ದು. ಗಾಯದ ತಳ ಕೆಂಪಗೆ ಚಿಗುರಿದ ಮೇಲೆ ಮತ್ತೆ ಹೊಲಿದರು. ಒಟ್ಟು 19 ದಿನ.

ನನ್ನ ಬಡಬಡಿಕೆಯ ವಿಷಯ ಅಮ್ಮ ಹೇಳಿದಾಗ ವೈದ್ಯೆ ಗಂಭೀರವಾದರು. “ಜ್ವರದ ಜೊತೆ ಬುದ್ಧಿ ಮಂಕಾದರೆ, ಉಸಿರು ಮತ್ತು ನಾಡಿ ಜೋರಾದರೆ, ಮೂತ್ರ ಕಡಿಮೆಯಾದರೆ ನಂಜು ರಕ್ತಕ್ಕೆ ಏರಿರಬಹುದು. ಆಗ ಪ್ರತಿ ಗಂಟೆಯೂ ಮುಖ್ಯ” ಎಂದರು. ನಮ್ಮೂರಿನಲ್ಲಿ ಸನ್ನಿಯಾಗಿ ತೀರಿಕೊಂಡರೆಂದು ಕೇಳಿದ್ದ ಹಳೆಯ ಬಾಣಂತಿಯರೆಲ್ಲ ಆ ರಾತ್ರಿ ನನ್ನ ಕಣ್ಮುಂದೆ ಬಂದರು. ಅವರಲ್ಲಿ ಎಷ್ಟು ಜನರಿಗೆ ಸೋಕಿದ್ದು ನಿಜವಾಗಿ ಗಾಳಿ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಎಲ್ಲರೂ ಕೈ ತೊಳೆಯುವಂತೆ ಮಾಡಿ ಬಾಣಂತಿಯರ ಸಾವನ್ನು ತಗ್ಗಿಸಿದ್ದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನನ್ನದೇ ಮಂಚದ ಬಳಿ ಒಂದು ಸೋಪು ಇಡಿಸಲು ನನಗೆ ಹೊಳೆದಿರಲಿಲ್ಲ.

ನಂಜು ಯಾವುದರಿಂದ ಬಂತೆಂದು ಬೆರಳು ತೋರಿಸಿ ಹೇಳಲಾರೆ. ನೀರು ಒಡೆದು ಬಹಳ ಹೊತ್ತಾಗಿತ್ತು, ನನಗೆ ರಕ್ತಹೀನತೆಯಿತ್ತು. ಎರಡೂ ನಂಜಿನ ಅಪಾಯ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ, ಅತಿ ತೂಕವೂ ಹಾಗೆಯೇ. ಬಂದ ನಂಜನ್ನು ಮೂರು ದಿನ ಬೆಳೆಯಲು ಬಿಟ್ಟದ್ದು ಮಾತ್ರ ನಾವೇ. ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ನಮ್ಮ ಬಾಣಂತನ ರೂಪುಗೊಂಡದ್ದು ಹೊಟ್ಟೆ ಕೊಯ್ಯದ ಕಾಲದಲ್ಲಿ. ಹೊಲಿದ ಹೊಟ್ಟೆಯನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಅಜ್ಜಿಯರಿಗೆ ಯಾರೂ ಹೇಳಿಕೊಟ್ಟಿಲ್ಲ. ಅವರನ್ನು ದೂರಿ ಫಲವಿಲ್ಲ, ಹೇಳಿಕೊಡಬೇಕು.

ಎರಡನೇ ಹೆರಿಗೆಯೂ ಸಿಸೇರಿಯನ್. ಈ ಸಲ ರಕ್ತಹೀನತೆಯನ್ನು ಮೊದಲೇ ಸರಿಪಡಿಸಿಕೊಂಡೆ. ಕೊಯ್ಯುವ ಮುಂಚೆಯೇ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತೀರಲ್ಲವೇ ಎಂದು ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಮನೆಯಲ್ಲಿ ಎಣ್ಣೆನೀರು ಬಿಡಲಿಲ್ಲ, ಹೊಲಿಗೆಯ ಹತ್ತಿರ ಮಾತ್ರ ಎಣ್ಣೆ ಬೇಡವೆಂದೆ. ಸ್ನಾನದ ನಂತರ ಮಡಿಕೆ ಎತ್ತಿ, ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸಡಿಲ ಉಡುಪು. ಬೇಕಾದಷ್ಟು ನೀರು ಕುಡಿದೆ; ಬೇಳೆ, ಮೊಟ್ಟೆ, ಸೊಪ್ಪು ಎಲ್ಲವನ್ನೂ ತಿಂದೆ. ಮಾಂಸ ಕೂಡಿಕೊಳ್ಳಲು ದೇಹಕ್ಕೆ ಅವೆಲ್ಲ ಬೇಕು. ಮುಖ್ಯವಾಗಿ, ಅಮ್ಮ ದಿನವೂ ಬಾಗಿಲು ಹಾಕಿ, ಕೈ ತೊಳೆದು, ಬೆಳಕಿನಲ್ಲಿ ಹೊಲಿಗೆ ನೋಡಿದರು. ಅವರಿಲ್ಲದ ದಿನ ನಾನೇ ಕೈಗನ್ನಡಿ ಹಿಡಿದೆ.

ನೋಡಬೇಕಾದದ್ದು ಕಷ್ಟವಲ್ಲ. ಕೆಂಪು ಹರಡುತ್ತಿದೆಯೇ? ಊತವಿದೆಯೇ, ಮುಟ್ಟಿದರೆ ಬಿಸಿಯೇ? ಕೀವು, ವಾಸನೆ? ಹೊಲಿಗೆ ಬಿಟ್ಟುಕೊಂಡಿದೆಯೇ? ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರಿದರೆ, ಅಥವಾ ಜ್ವರ 100.4 ಡಿಗ್ರಿ ದಾಟಿದರೆ ಅಂದೇ ಆಸ್ಪತ್ರೆ. ಹೊರಗೆ ಏನೂ ಕಾಣದೆ ಸಹಿಸಲಾರದ ನೋವಿದ್ದರೆ, ಸುತ್ತಲ ಚರ್ಮ ನೇರಳೆಗೆ ತಿರುಗಿದರೆ ಒಂದು ಗಂಟೆಯೂ ಕಾಯಬಾರದು. ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಂಡಾಂತರ ಕಳೆಯಿತೆಂದಲ್ಲ, 30 ದಿನಗಳವರೆಗೂ ನಂಜಾಗಬಹುದು.

ಕಳೆದ ವರ್ಷ ತಂಗಿಗೆ ಸಿಸೇರಿಯನ್ ಆಯಿತು. ಮನೆ ತುಂಬ ಮಗು ನೋಡುವವರು. ನಾನು ಕೈ ತೊಳೆದು ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿದೆ. “ಮಗು ಆಮೇಲೆ ನೋಡ್ತೀನಿ ಪುಟ್ಟಿ, ಮೊದಲು ಹೊಲಿಗೆ ತೋರಿಸು” ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು ಹೇಳಿದಳು: “ನಿನ್ನೆಯಿಂದ ಸ್ವಲ್ಪ ಒದ್ದೆ ಇದೆ ಕಣೇ ಅಕ್ಕಾ.” ಅಂದೇ ತೋರಿಸಿದೆವು. ಐದು ದಿನದ ಮಾತ್ರೆಯಲ್ಲಿ ವಾಸಿಯಾಯಿತು.