ಮಟ್ಟಸ ದಾರಿಯೆಂದು ಮೈಮರೆಯಬೇಡ

ಭಾನುವಾರ ಪೊಟೊಮ್ಯಾಕ್ ದಂಡೆಯ ಹಳೇ ಕಾಲುವೆಗುಂಟ ಸೈಕಲ್ ತುಳಿಯುತ್ತೇನೆ ಅಂದೆಯಲ್ಲ ಮಗು, ಕೇಳಿ ಖುಷಿಯಾಯಿತು. ಮೇರಿಲ್ಯಾಂಡಿಗೆ ಹೋದ ನಮ್ಮವರು ವಾಷಿಂಗ್ಟನ್ನಿನ ಬಿಳಿ ಕಟ್ಟಡಗಳ ಮುಂದೆ ಫೋಟೊ ತೆಗೆಸಿಕೊಂಡು ಸುಮ್ಮನಾಗುತ್ತಾರೆ. ನೀನು ಆರಿಸಿಕೊಂಡದ್ದು ಅದಕ್ಕಿಂತ ಮೇಲು. ಆದರೆ ಒಂದು ಮಾತು. ದಾರಿ ಮಟ್ಟಸ, ಹಾಗಾಗಿ ಸಲೀಸು ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡ. ದಿಬ್ಬ ಹತ್ತಿದವನಿಗೆ ಇಳಿಜಾರಾದರೂ ಸಿಗುತ್ತದೆ, ಪೆಡಲ್ ತುಳಿಯದೆ ಸಾಗಬಹುದು. ಇಲ್ಲಿ ಅದಿಲ್ಲ. ತುಳಿಯುತ್ತಲೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅಂಗೈ ಜೋಮು ಹಿಡಿದು, ಕೂತ ಜಾಗ ನೋಯತೊಡಗುತ್ತದೆ.

ಮಂಡ್ಯದಲ್ಲಿ ನೀನು ಸೈಕಲ್ ಕಲಿತ ನಾಲೆ ಗದ್ದೆಗೆ ನೀರುಣಿಸಲು ತೋಡಿದ್ದು. ಈ ಚೆಸಪೀಕ್ ಅಂಡ್ ಒಹಾಯೊ ಕಾಲುವೆ ದೋಣಿಗಳಿಗಾಗಿ ತೋಡಿದ್ದು. 1828ರಲ್ಲಿ ಶುರುವಾದ ಕೆಲಸ ಕೊನೆಯ ಊರಾದ ಕಂಬರ್ಲೆಂಡ್ ಮುಟ್ಟುವಾಗ 1850. ಅಷ್ಟರಲ್ಲಿ ರೈಲು ಅಲ್ಲಿಗೆ ಬಂದು ಎಂಟು ವರ್ಷವಾಗಿತ್ತು. ವಾಷಿಂಗ್ಟನ್ನಿನ ಜಾರ್ಜ್‌ಟೌನಿನಿಂದ ಅಲ್ಲಿಗೆ ಸುಮಾರು 297 ಕಿ.ಮೀ. ಕಲ್ಲಿದ್ದಲು ತುಂಬಿದ ದೋಣಿಗಳನ್ನು ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಅವು ನಡೆದ ದಾರಿಯೇ ಈಗ ನಿನ್ನ ಸೈಕಲ್ ದಾರಿ. ಅಷ್ಟು ದೂರದ ಒಟ್ಟು ಏರು ಸುಮಾರು 184 ಮೀಟರ್. ಅದನ್ನು 74 ಲಾಕುಗಳು ಮೆಟ್ಟಿಲಿನ ಹಾಗೆ ಹಂಚಿಕೊಂಡಿವೆ. ಲಾಕು ಅಂದರೆ ಕಲ್ಲು ಕಟ್ಟಿದ ತೊಟ್ಟಿ, ಎರಡೂ ತುದಿಗೆ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ ಮೇಲಿನ ನೀರು ಬಿಟ್ಟರೆ ದೋಣಿ ತಾನಾಗಿ ಮೇಲೇಳುತ್ತಿತ್ತು. ದೋಣಿಗಳು ನಿಂತ ಕಡೆಯೆಲ್ಲ ನೀನೂ ನಿಲ್ಲು. ಲಾಕು ಕಂಡರೆ ಇಳಿ, ಬೆನ್ನು ನೆಟ್ಟಗೆ ಮಾಡು, ನೀರು ಕುಡಿ, ಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡು.

ಮೊದಲ ಸಲಕ್ಕೆ ಬ್ರನ್ಸ್‌ವಿಕ್‌ನಿಂದ ಹೊರಟು ನದಿ ಹರಿಯುವ ಕಡೆಗೇ ಹೋಗು. ಕಾಲುವೆ ತುಂಬ ನೀರಿರುತ್ತದೆ ಅಂದುಕೊಳ್ಳಬೇಡ. 1924ರ ಪ್ರವಾಹದ ನಂತರ ಸರಕಿನ ದೋಣಿ ಓಡಿಲ್ಲ, ಎಷ್ಟೋ ಕಡೆ ಒಳಗೇ ಮರ ಬೆಳೆದಿವೆ. ಸ್ವಲ್ಪ ದೂರಕ್ಕೆ ಕಟಾಕ್ಟಿನ್ ತೊರೆಯ ಮೇಲ್ಗಾಲುವೆ ಬರುತ್ತದೆ. 1973ರಲ್ಲಿ ಕುಸಿದದ್ದನ್ನು 2011ರ ಹೊತ್ತಿಗೆ ಮತ್ತೆ ಕಟ್ಟಿ ನಿಲ್ಲಿಸಿದರು. ಪಾಯಿಂಟ್ ಆಫ್ ರಾಕ್ಸ್‌ನಲ್ಲಿ ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಿಗಾಗಿ ಕಾಲುವೆ ಕಂಪನಿಯೂ ರೈಲು ಕಂಪನಿಯೂ ಕೋರ್ಟಿಗೆ ಹೋಗಿದ್ದವು. ಅಲ್ಲಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿ ಮೊನಾಕಸಿ ನದಿಯ ಮೇಲ್ಗಾಲುವೆ. ಅದಕ್ಕೆ ಸಮಯ ಉಳಿಸಿಕೊ. ಏಳು ಕಮಾನು, 157 ಮೀಟರ್ ಉದ್ದ. ನದಿಯ ಮೇಲೆ ಕಾಲುವೆಯನ್ನೇ ದಾಟಿಸಿದ್ದಾರೆ. ಅಂತರ್ಯುದ್ಧದ ಹೊತ್ತಿನಲ್ಲಿ, 1862ರಲ್ಲಿ, ದಕ್ಷಿಣದ ಸೈನಿಕರು ಒಡೆಯಲು ಬಂದು, ಆಗದೆ ಹಿಂದಿರುಗಿದರು. ಕೆಳಗಿಳಿದು ಕಮಾನುಗಳನ್ನು ಬದಿಯಿಂದ ನೋಡು. ಮೇಲಿನಿಂದ ಅದರ ಗಾತ್ರ ತಿಳಿಯುವುದಿಲ್ಲ.

ಮಳೆ ಬಂದ ಮಾರನೇ ದಿನ ಹೋಗಬೇಡ, ಕೆಸರು ಚಕ್ರ ಹಿಡಿಯುತ್ತದೆ. ಬೇರೆ ಟ್ಯೂಬು, ಪಂಪು ಇರಲಿ. ದಾರಿಯ ಕೈಪಂಪುಗಳ ಹಿಡಿಕೆಯನ್ನು ಚಳಿಗಾಲದಲ್ಲಿ ಬಿಚ್ಚಿಡುತ್ತಾರೆ, ಅದಕ್ಕೆ ನೀರು ಮನೆಯಿಂದಲೇ ಒಯ್ಯಿ. ನಡೆಯುವವರನ್ನು ದಾಟುವಾಗ ಬೆಲ್ ಹೊಡಿ. ಮೂರೆಲೆಯ ವಿಷಬಳ್ಳಿ ಮುಟ್ಟಬೇಡ. ಮನೆಗೆ ಬಂದೊಡನೆ ಕಾಲು, ಸೊಂಟದಲ್ಲಿ ಉಣ್ಣೆ ಕಚ್ಚಿದೆಯಾ ಅಂತ ನೋಡಿಕೊ. ಬುತ್ತಿಯ ಕವರು ಅಲ್ಲಿ ಬಿಡಬೇಡ, ಕಸದ ಡಬ್ಬಿಯನ್ನೂ ಹುಡುಕಬೇಡ, ಮನೆಗೇ ತಾ. ಈ ಕಾಲುವೆಯ ಮೇಲೆ ಕಾರುಗಳ ರಸ್ತೆ ಬರಲಿತ್ತು. 1954ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಉದ್ದಕ್ಕೂ ನಡೆದು ಅದನ್ನು ವಿರೋಧಿಸಿದರು. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಅಂಥವರು ಉಳಿಸಿಕೊಟ್ಟ ಜಾಗ, ಹೊಲಸು ಮಾಡಬಾರದು.

ಮೊನಾಕಸಿ ತನಕ ಹೋಗಿ ಬರುವುದೆಂದರೆ 40 ಕಿ.ಮೀ. ದಾಟುತ್ತದೆ. ಪಾಯಿಂಟ್ ಆಫ್ ರಾಕ್ಸ್‌ಗೇ ಕಾಲು ಸೋತಿದ್ದರೆ ಅಲ್ಲಿಂದಲೇ ತಿರುಗು. ನಿನ್ನ ಹೆಂಡತಿ ಕಾರು ತರುವುದಾದರೆ ಮೊನಾಕಸಿಗೇ ಬರಹೇಳು. ಮೇಲ್ಗಾಲುವೆಯ ಪಕ್ಕದಲ್ಲೇ ನಿಲ್ಲಿಸಲು ಜಾಗವಿದೆ.